ಊರಿನ ಏಳಿಗೆಯೂ ನಿವಾಸಿಗಳ ಹೊಣೆಯೂ

ಮನೆಯನ್ನು ಕಟ್ಟಿಸುವಾತನು ಅಡಿಗೆಯ ಕೋಣೆ ಎಲ್ಲಿರಬೇಕೆಂದು ಮನೆಯೊಡತಿಯನ್ನು ಕೇಳದೆ ಗೋಡೆ ಎಬ್ಬಿಸಿದರೆ ನೋಡಿದವರು ನಗುವರು. ಹೊಗೆ ಹೋಗುವ ದಾರಿ, ಬಚ್ಚಲ ನೀರು ಹರಿಯುವ ಇಳಿಜಾರು, ಕಾಳುಕಡ್ಡಿ ಇಡುವ ಉಗ್ರಾಣ, ಇವುಗಳ ಅನುಕೂಲ ಅನನುಕೂಲಗಳನ್ನು ದಿನವಿಡೀ ಅಲ್ಲಿಯೇ ದುಡಿಯುವವಳು ಬಲ್ಲಷ್ಟು ಮೇಸ್ತ್ರಿಯು ಬಲ್ಲನೆ? ಮೇಸ್ತ್ರಿಗೆ ಗೋಡೆಯ ವಿದ್ಯೆ ಗೊತ್ತು. ಆಕೆಗೆ ಮನೆಯ ಬಾಳು ಗೊತ್ತು. ಎರಡೂ ಕೂಡಿದಾಗಲೇ ಮನೆಯು ವಾಸಕ್ಕೆ ಯೋಗ್ಯವಾಗುವುದು. ಇಷ್ಟು ಸರಳವಾದ ಈ ನ್ಯಾಯವನ್ನು ನಾವು ಹೊಸಿಲು ದಾಟಿ ಬೀದಿಗೆ ಇಳಿದೊಡನೆ ಮರೆತುಬಿಡುತ್ತೇವೆ. ಚರಂಡಿ ಎಲ್ಲಿ ಹರಿಯಬೇಕು, ದೀಪ ಎಲ್ಲಿ ಉರಿಯಬೇಕು, ರಸ್ತೆ ಎಷ್ಟು ಎತ್ತರವಿರಬೇಕು ಎಂಬುದನ್ನು ಆ ಬೀದಿಯಲ್ಲಿ ಬಾಳುವವರನ್ನು ಕೇಳದೆಯೇ ಬಹುಮಟ್ಟಿಗೆ ನಿಶ್ಚಯಿಸಲಾಗುತ್ತಿದೆ. ಬಾಳುವವರೂ ಹೇಳುವುದಕ್ಕೆ ಹೋಗುವುದಿಲ್ಲ.

ಈ ಸಂಚಿಕೆಯನ್ನು ಓದುವವರಲ್ಲಿ ಬಹುಮಂದಿ ವಿದ್ಯಾರ್ಥಿನಿಯರು, ಅವರ ತಾಯಂದಿರು, ಮತ್ತು ಹಿಂದೆ ಇಲ್ಲಿ ಓದಿ ಈಗ ಸಂಸಾರದ ಹೊಣೆಯನ್ನೋ ಉದ್ಯೋಗದ ಹೊಣೆಯನ್ನೋ ಹೊತ್ತಿರುವ ಸೋದರಿಯರು. ಅವರ ಮುಂದೆ ಒಂದು ಮಾತನ್ನು ಅರಿಕೆಮಾಡುವುದು ಈ ಲೇಖನದ ಉದ್ದೇಶ. ಅದೇನೆಂದರೆ: ಒಂದು ಬಡಾವಣೆಯ ಸುಧಾರಣೆಯ ನಕ್ಷೆ ಬರೆಯುವ ಮುನ್ನವೇ ಅಲ್ಲಿನ ನಿವಾಸಿಗಳ ಮಾತನ್ನು ಕೇಳಬೇಕು, ನಿವಾಸಿಗಳೂ ಹೇಳಬೇಕಾದುದನ್ನು ಸಿದ್ಧಮಾಡಿಕೊಂಡಿರಬೇಕು. ಕೆಲಸ ಮುಗಿದ ಮೇಲೆ ದೂರುವುದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ನಮ್ಮ ಜಿಲ್ಲೆಯ ಎರಡು ದೊಡ್ಡ ಊರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಶಿವಮೊಗ್ಗೆಯು ತುಂಗೆಯ ದಡದಲ್ಲಿದೆ. ಭದ್ರಾವತಿಯು ಭದ್ರೆಯ ದಡದಲ್ಲಿದೆ. ಎರಡು ಹೊಳೆಗಳು ಕೂಡಲಿಯಲ್ಲಿ ಸೇರುವಂತೆ, ಈ ಎರಡು ಊರುಗಳ ಬೆಳವಣಿಗೆಯ ನಕ್ಷೆಗಳೂ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರವೆಂಬ ಒಂದೇ ಸಂಸ್ಥೆಯಲ್ಲಿ ಸೇರುವುವು. ಆದರೆ ಇವುಗಳ ಹುಟ್ಟು ಬೇರೆ, ಬೆಳೆದ ಬಗೆ ಬೇರೆ. ಶಿವಮೊಗ್ಗೆಯು ಕೋಟೆ, ಪೇಟೆ, ಹೊಳೆಯ ದಂಡೆ ಎಂದು ತಲೆಮಾರುಗಳಿಂದ ತಾನಾಗಿ ಹಬ್ಬಿದ ಊರು. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಾದರೋ ಕಾರ್ಖಾನೆಯ ಕೂಸು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಹಳೇನಗರದ ಪಕ್ಕದಲ್ಲಿ ನ್ಯೂಟೌನ್ ಎದ್ದಿತು, ಪೇಪರ್ ಟೌನ್ ಎದ್ದಿತು.

ಕಾರ್ಖಾನೆಯ ಊರಿನಲ್ಲಿ ಒಂದು ಸುಖವಿತ್ತು. ಮನೆ, ನೀರು, ದೀಪ, ಆಸ್ಪತ್ರೆ, ಆಟದ ಬಯಲು ಎಲ್ಲವನ್ನೂ ಕಾರ್ಖಾನೆಯವರೇ ನೋಡಿಕೊಳ್ಳುತ್ತಿದ್ದರು. ನಲ್ಲಿ ಕೆಟ್ಟರೆ ಒಂದು ಚೀಟಿ ಬರೆದರೆ ಸಾಕಾಗುತ್ತಿತ್ತು. ಆದರೆ ಆ ಸುಖದೊಳಗೆ ಒಂದು ಕೊರತೆಯೂ ಅಡಗಿತ್ತು. ಮನೆಯಲ್ಲಿದ್ದವರು ನೌಕರಿಯ ಬಲದಿಂದ ಅಲ್ಲಿದ್ದವರು; ಬೀದಿ ಹೇಗಿರಬೇಕೆಂದು ಹತ್ತು ಮಂದಿ ಕುಳಿತು ಯೋಚಿಸುವ ಪ್ರಸಂಗ ಅವರಿಗೆ ಬರಲಿಲ್ಲ. ಕೊಡುವ ಕೈ ಬಲವಾಗಿದ್ದಷ್ಟು ಕಾಲ ಈ ಕೊರತೆ ಕಾಣಲಿಲ್ಲ. 2015ರ ಸುಮಾರಿಗೆ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುಹೋದುವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಆರಂಭದಲ್ಲಿ ಪ್ರಕಟವಾಗಿ, ಊರು ಕಳವಳಪಟ್ಟು, ಅದೇ ವರ್ಷದ ಆಗಸ್ಟಿನಲ್ಲಿ ಅದರ ಒಂದು ಭಾಗವು ಮತ್ತೆ ಚಾಲನೆಗೆ ಬಂದಿತು. ಕೊಡುವ ಕೈ ಸೋತಾಗ ಬೀದಿಯನ್ನು ನೋಡಿಕೊಳ್ಳುವವರು ಯಾರು? ಸುತ್ತಿನ ಊರು ನಗರಸಭೆಯದು. ಕಾರ್ಖಾನೆಯ ವಸತಿ ಕಾರ್ಖಾನೆಯದು. ಎರಡರ ನಡುವಣ ಮೋರಿ ಯಾರದೆಂಬುದೇ ಒಂದು ಪ್ರಶ್ನೆಯಾಗಬಲ್ಲುದು. ಇಂತಹ ಊರಿನಲ್ಲಿ ನಿವಾಸಿಗಳೇ ಒಟ್ಟಾಗಿ ತಮ್ಮ ಬೀದಿಯ ಬೇಕುಬೇಡಗಳನ್ನು ನಿರ್ಧರಿಸುವ ಅಭ್ಯಾಸವನ್ನು ಹೊಸದಾಗಿ ಕಲಿಯಬೇಕಾಗಿದೆ.

ಶಿವಮೊಗ್ಗೆಯ ಕಥೆ ಬೇರೆ. ಕೇಂದ್ರ ಸರ್ಕಾರದವರು 2015ರ ಜೂನ್ ತಿಂಗಳಿನಲ್ಲಿ ಆರಂಭಿಸಿದ ಸ್ಮಾರ್ಟ್ ಸಿಟಿ ಯೋಜನೆಗೆ ಈ ನಗರವು 2016ರ ಸೆಪ್ಟೆಂಬರಿನಲ್ಲಿ ಆಯ್ಕೆಯಾಯಿತು. ಆಯ್ಕೆಯಾದ ಪ್ರತಿಯೊಂದು ನಗರಕ್ಕೂ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳಿಂದ ಎಂಬುದು ಆ ಯೋಜನೆಯ ನಿಯಮ. ಇಷ್ಟು ದೊಡ್ಡ ಹಣವನ್ನು ವೆಚ್ಚಮಾಡುವುದಕ್ಕೆಂದು ಶಿವಮೊಗ್ಗ ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಪ್ರತ್ಯೇಕ ಕಂಪನಿಯೇ ಸ್ಥಾಪಿತವಾಯಿತು. ರಸ್ತೆಗಳು, ಕಾಲುದಾರಿಗಳು, ನೆಲದೊಳಗಿನ ತಂತಿಗಳು, ತುಂಗೆಯ ದಡದ ಅಭಿವೃದ್ಧಿ ಮುಂತಾದ ಕಾಮಗಾರಿಗಳು ನಡೆದುವು. ಹಲವು ಸಲ ಅವಧಿ ವಿಸ್ತರಿಸಲ್ಪಟ್ಟು, ದೇಶದಲ್ಲೆಲ್ಲ ಆ ಯೋಜನೆಯು 2025ರ ಮಾರ್ಚ್ 31ರಂದು ಮುಕ್ತಾಯವಾಯಿತು.

ಈ ಯೋಜನೆಯಲ್ಲಿ ಜನರನ್ನು ಕೇಳಲೇ ಇಲ್ಲವೆಂದು ಹೇಳುವುದು ನ್ಯಾಯವಲ್ಲ. ನಗರಗಳು ತಮ್ಮ ಪ್ರಸ್ತಾವವನ್ನು ಸಲ್ಲಿಸುವ ಮೊದಲು ನಾಗರಿಕರ ಅಭಿಪ್ರಾಯವನ್ನು ಸಂಗ್ರಹಿಸಬೇಕೆಂದು ಅದರ ನಿಯಮಗಳಲ್ಲಿಯೇ ವಿಧಿಸಲಾಗಿತ್ತು. ಆದರೆ ಕೇಳಿದ ಪ್ರಶ್ನೆ ಎಂತಹದು ಎಂಬುದನ್ನು ನಾವು ಗಮನಿಸಬೇಕು. ನಿಮ್ಮ ನಗರ ಹೇಗಿರಬೇಕೆಂಬುದು ನಿಮ್ಮ ಕನಸು ಎಂದು ಕೇಳಿದರೆ ಯಾರಾದರೂ ಏನು ಹೇಳಿಯಾರು? ಹಸುರಾಗಿರಲಿ, ಶುಚಿಯಾಗಿರಲಿ, ಸುಂದರವಾಗಿರಲಿ ಎನ್ನುವರು. ಆ ಉತ್ತರದಿಂದ ಒಂದು ಮೋರಿಯ ಇಳಿಜಾರನ್ನೂ ಗೊತ್ತುಮಾಡಲಾಗದು. ಗುದ್ದಲಿ ನೆಲಕ್ಕೆ ಬೀಳುವ ಹಿಂದಿನ ವಾರ ಆ ಬೀದಿಗೆ ಬಂದು, ಮಳೆಗಾಲದಲ್ಲಿ ನೀರು ಯಾವ ಕಡೆಯಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ಕೇಳುವುದು ಬೇರೆಯೇ ಪ್ರಶ್ನೆ. ಕನಸನ್ನು ಕೇಳುವುದಕ್ಕೆ ದೇಶದಲ್ಲೆಲ್ಲ ಏರ್ಪಾಡಾಯಿತು. ಕಷ್ಟವನ್ನು ಕೇಳುವ ಏರ್ಪಾಡು ಅಷ್ಟು ಬಲವಾಗಿ ಆಗಲಿಲ್ಲವೆಂಬುದು ನನ್ನ ಅಭಿಪ್ರಾಯ.

ಈ ಭೇದವು ಎಷ್ಟು ಮುಖ್ಯವಾದುದೆಂಬುದಕ್ಕೆ ರಸ್ತೆಯ ಎತ್ತರವೊಂದೇ ಸಾಕ್ಷಿ. ಹಳೆಯ ಡಾಂಬರನ್ನು ಕೆತ್ತಿ ತೆಗೆಯದೆ ಅದರ ಮೇಲೆಯೇ ಹೊಸ ಪದರವನ್ನು ಹಾಕಿದರೆ ರಸ್ತೆಯು ಪ್ರತಿ ಸಲವೂ ಕೆಲವು ಅಂಗುಲ ಏರುವುದು. ಮೂರು ನಾಲ್ಕು ಸಲ ಹೀಗಾದ ಮೇಲೆ, ಒಂದು ಕಾಲಕ್ಕೆ ಬೀದಿಗಿಂತ ಎತ್ತರವಾಗಿದ್ದ ಹೊಸಿಲು ಬೀದಿಗಿಂತ ತಗ್ಗಾಗುವುದು. ಆಗ ಬೀದಿಯ ನೀರು ಮೋರಿಗೆ ಹೋಗುವ ಬದಲು ಪಡಸಾಲೆಗೆ ಬರುವುದು. ಇಂಜಿನಿಯರರು ಬರೆದ ನಕ್ಷೆಯಲ್ಲಿ ರಸ್ತೆಯ ಅಗಲ, ಉದ್ದ, ಜಲ್ಲಿಯ ದಪ್ಪ ಎಲ್ಲವೂ ಸರಿಯಾಗಿರಬಹುದು. ಪಕ್ಕದ ಮನೆಯ ಹೊಸಿಲು ಮಾತ್ರ ಆ ನಕ್ಷೆಯಲ್ಲಿ ಇರುವುದಿಲ್ಲ. ಅದನ್ನು ಹೇಳಬೇಕಾದವಳು ಆ ಹೊಸಿಲಿಗೆ ದಿನವೂ ನೀರು ಹಾಕಿ ಸಾರಿಸುವವಳು.

ಹೊಳೆಯ ವಿಷಯದಲ್ಲಂತೂ ಈ ತಿಳಿವಳಿಕೆಯು ಪ್ರಾಣಕ್ಕೆ ಸಂಬಂಧಪಟ್ಟುದು. 2019ರ ಆಗಸ್ಟಿನ ಮಹಾಮಳೆಯಲ್ಲಿ ತುಂಗೆಯು ಉಕ್ಕಿ ಶಿವಮೊಗ್ಗೆಯ ತಗ್ಗು ಬಡಾವಣೆಗಳ ಮನೆಗಳಿಗೆ ನುಗ್ಗಿದುದನ್ನು ನಾವಾರೂ ಮರೆತಿಲ್ಲ. ಹೊಳೆಗೆ ಹತ್ತಿರದ ಕುಂಬಾರಗುಂಡಿ, ಸೀಗೆಹಟ್ಟಿಗಳಂತಹ ಹಳೆಯ ಕೇರಿಗಳಲ್ಲಿ, ನೀರು ಮೊದಲು ಯಾವ ಓಣಿಯಲ್ಲಿ ಕಾಣಿಸಿಕೊಳ್ಳುತ್ತದೆ, ಹೊಳೆಯು ತಾನಾಗಿ ಮೇಲೇರುವುದಕ್ಕಿಂತ ಮುಂಚೆ ಮೋರಿಯ ಬಾಯಿಂದ ಹಿಮ್ಮುಖವಾಗಿ ಹೇಗೆ ಉಕ್ಕುತ್ತದೆ ಎಂಬುದು ಅಜ್ಜಿಯರಿಗೆ ಬಾಯಿಪಾಠವಾಗಿರುವುದು. ಭದ್ರಾವತಿಯಲ್ಲಿಯೂ ಹಾಗೆಯೇ: ಭದ್ರಾ ಜಲಾಶಯವು ತುಂಬಿ ಹೆಚ್ಚಿನ ನೀರನ್ನು ಬಿಟ್ಟಾಗ ಊರ ನಡುವಣ ಸೇತುವೆಯನ್ನು ನೀರು ಮುಚ್ಚುವುದೂ, ಕವಲಗುಂದಿಯಂತಹ ತಗ್ಗಿನ ನೆಲೆಗಳಲ್ಲಿ ಜನರು ಗಂಟುಮೂಟೆ ಕಟ್ಟಿಕೊಂಡು ಹೊರಡುವುದೂ ಆ ಊರಿನವರು ಕಂಡುಂಡ ಸಂಗತಿ. ಈ ಅನುಭವವು ಒಂದೆಡೆ ಬರಹಕ್ಕೆ ಇಳಿದಿದ್ದರೆ ಯಾವ ಮೋರಿಗೆ ಬಾಗಿಲು ಬೇಕು, ಯಾವ ಓಣಿಯನ್ನು ಎತ್ತರಿಸಬಾರದು, ರಾತ್ರಿಯಲ್ಲಿ ಯಾವ ಮನೆಯವರನ್ನು ಮೊದಲು ಎಬ್ಬಿಸಬೇಕು ಎಂಬುದು ಯೋಜನೆಯವರಿಗೆ ಕೂಡಲೆ ತಿಳಿಯುತ್ತಿತ್ತು. ಹಾಗೆ ಬರೆದಿಡದೆ ಹೋದರೆ ಅಜ್ಜಿಯೊಡನೆ ಆ ವಿದ್ಯೆಯೂ ಮುಗಿದುಹೋಗುವುದು.

ಜನರನ್ನು ಕೇಳಿ ಊರನ್ನು ತಿದ್ದುವುದು ಹೊಸ ಕಾಲದ ಹುಚ್ಚೆಂದು ಕೆಲವರು ಭಾವಿಸಬಹುದು. ಅದು ಹಾಗಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಬಂದವರು ಬಹುಮಟ್ಟಿಗೆ ಜಮೀನುದಾರರೂ ವರ್ತಕರೂ ಆಗಿದ್ದರು. ಆದರೂ ತಮ್ಮ ಸೀಮೆಯ ಕುಂದುಕೊರತೆಗಳನ್ನು ಸರ್ಕಾರದ ಮುಂದೆ ನಿಂತು ಹೇಳುವ ಒಂದು ಜಾಗ ದೊರೆಯಿತು. ಹೇಳುವ ಜಾಗ ಸಿಕ್ಕಿದ ಮೇಲೆ ಹೇಳುವುದನ್ನು ಕಲಿಯುವ ಜನರೂ ಸಿಕ್ಕಿದರು.

ನಗರಗಳ ವಿಷಯಕ್ಕೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡೆಸ್ ಎಂಬ ವಿದ್ವಾಂಸರು 1914ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಅನೇಕ ನಗರಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದರು. ಹಳೆಯ ಗಲ್ಲಿಗಳನ್ನೆಲ್ಲ ಕೆಡವಿ ನೇರವಾದ ಅಗಲ ರಸ್ತೆಗಳನ್ನು ಮಾಡುವುದೇ ಸುಧಾರಣೆಯೆಂದು ಆ ಕಾಲದ ಅಧಿಕಾರಿಗಳು ನಂಬಿದ್ದರು. ಗೆಡೆಸರು ಅದನ್ನು ಒಪ್ಪಲಿಲ್ಲ. ಬೀದಿಬೀದಿಯನ್ನು ಪರೀಕ್ಷಿಸಿ, ತೀರ ಬಿದ್ದುಹೋದ ಮನೆಗಳನ್ನು ಮಾತ್ರ ತೆಗೆದು, ಆ ಜಾಗದಲ್ಲಿ ಗಾಳಿ ಬೆಳಕಿಗೆ ಎಡೆಮಾಡಿ, ಉಳಿದ ಮನೆಗಳನ್ನೂ ಅಲ್ಲಿಯ ಜನರನ್ನೂ ಅಲ್ಲಿಯೇ ಉಳಿಸಬೇಕೆಂಬುದು ಅವರ ಮತ. ಇಂದೂರಿನಲ್ಲಿ ಅವರು ದೀಪಾವಳಿಯ ಮೆರವಣಿಗೆಯನ್ನು ಹೊಸ ರೀತಿಯಲ್ಲಿ ನಡೆಯಿಸಿದರು: ಯಾವ ಬೀದಿಯವರು ತಮ್ಮ ಮನೆ ಅಂಗಳಗಳನ್ನು ಹೆಚ್ಚಾಗಿ ಶುಚಿಮಾಡಿ ದುರಸ್ತಿಮಾಡಿಕೊಳ್ಳುವರೋ ಆ ಬೀದಿಯಲ್ಲಿ ಮೆರವಣಿಗೆ ಬರುವುದೆಂದು ಸಾರಿಸಿದರು. ಬಡವರ ಬೀದಿ, ಧನಿಕರ ಬೀದಿ ಎನ್ನದೆ ಜನರು ಪೊರಕೆ ಹಿಡಿದರು. ಆ ನಗರದ ವಿಷಯದಲ್ಲಿ ಅವರು ಬರೆದ ವರದಿಯು 1918ರಲ್ಲಿ ಪ್ರಕಟವಾಯಿತು. ಊರಿನ ವೈದ್ಯನು ಮೊದಲು ರೋಗಿಯ ಮಾತನ್ನು ಕೇಳಬೇಕೆಂಬುದನ್ನು ಅವರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟರು.

ಇತ್ತೀಚಿನ ಕಾಲದಲ್ಲಿ ಬ್ರೆಜಿಲ್ ದೇಶದ ಪೋರ್ತೊ ಅಲೆಗ್ರೆ ಎಂಬ ನಗರದಲ್ಲಿ 1989ರಿಂದ ಮತ್ತೊಂದು ಹೆಜ್ಜೆ ಮುಂದಿಟ್ಟರು. ನಗರವನ್ನು ವಿಭಾಗಗಳಾಗಿ ಮಾಡಿ, ವಿಭಾಗದ ಜನರು ಸಭೆ ಸೇರಿ, ಬರುವ ವರ್ಷ ಮೊದಲು ನೀರಿನ ಕೊಳವೆಯೋ, ಚರಂಡಿಯೋ, ಶಾಲೆಯೋ ಎಂಬುದನ್ನು ತಾವೇ ನಿರ್ಧರಿಸುವ ಪದ್ಧತಿ ಅಲ್ಲಿ ಬಂದಿತು. ನಮ್ಮ ನೆರೆಯ ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆಯೆಂಬ ಚಳವಳಿ ಮೊದಲಾಗಿ, ರಾಜ್ಯದ ಯೋಜನೆಯ ಹಣದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲಾಯಿತು. ಈ ಎರಡು ಕಡೆಗಳಲ್ಲಿಯೂ ಕಾಣುವ ಗುಟ್ಟೊಂದೇ: ಹಣ ಗೊತ್ತಾಗಿತ್ತು, ಕಾಲ ಗೊತ್ತಾಗಿತ್ತು, ಜನರ ಮಾತಿಗೆ ಹಣದ ಲೆಕ್ಕದಲ್ಲಿ ಬೆಲೆಯಿತ್ತು. ಬೆಲೆಯಿಲ್ಲದ ಸಭೆಗೆ ಜನರು ಎರಡನೆಯ ಸಲ ಬರಲಾರರು.

ಹಾಗಾದರೆ ನಮ್ಮ ಊರುಗಳಲ್ಲಿ ಬಾಗಿಲು ಮುಚ್ಚಿದೆಯೆ? ಇಲ್ಲ, ಬಾಗಿಲುಗಳುಂಟು, ತಟ್ಟುವವರು ಕಡಿಮೆ. ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಯಲ್ಲಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ಪೌರಸಂಸ್ಥೆಗಳಲ್ಲಿ ವಾರ್ಡು ಸಮಿತಿಗಳು ಇರಲೇಬೇಕೆಂದು ಅದು ವಿಧಿಸಿದೆ. 2011ರ ಜನಗಣತಿಯಂತೆ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಆದಕಾರಣ ಈ ವಿಧಿಯು ಇಲ್ಲಿಗೆ ಸಲ್ಲುವುದು. ಭದ್ರಾವತಿಯ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅಲ್ಲಿಗೆ ಸಂವಿಧಾನವು ಇದನ್ನು ಕಡ್ಡಾಯಮಾಡಿಲ್ಲ. ಒಂದೇ ಪ್ರಾಧಿಕಾರದ ನೆರಳಿನಲ್ಲಿರುವ ಎರಡು ಊರುಗಳಲ್ಲಿ ಒಂದರ ಬೀದಿಗೆ ಮಾತನಾಡುವ ಹಕ್ಕು ಹೆಚ್ಚು, ಇನ್ನೊಂದರ ಬೀದಿಗೆ ಕಡಿಮೆ ಎಂದರೆ ಅದು ಸಮವಾದ ನ್ಯಾಯವಲ್ಲ. ಕಡ್ಡಾಯವಿಲ್ಲವೆಂದರೆ ನಿಷೇಧವಿದೆಯೆಂದು ಅರ್ಥವಲ್ಲವಷ್ಟೆ. ಭದ್ರಾವತಿಯ ನಗರಸಭೆಯವರು ತಾವಾಗಿಯೇ ಮುಂದೆ ಬಂದು ಬೀದಿಯ ಸಭೆಗಳನ್ನು ಕರೆದರೆ ಅದು ಆ ಊರಿಗೆ ಕೀರ್ತಿಯನ್ನೇ ತರುವುದು.

ವಾರ್ಡು ಸಮಿತಿ ಏಕೆ ಬೇಕು, ಸದಸ್ಯರನ್ನು ಚುನಾಯಿಸಿ ಕಳುಹಿಸಿದ್ದೇವಲ್ಲ ಎಂದು ಕೇಳುವವರುಂಟು. ಲೆಕ್ಕ ನೋಡೋಣ. 2018ರಲ್ಲಿ ಶಿವಮೊಗ್ಗ ಮಹಾನಗರಪಾಲಿಕೆಯ ಚುನಾವಣೆ ನಡೆದಾಗ 35 ವಾರ್ಡುಗಳಿದ್ದುವು. 2011ರ ಜನಸಂಖ್ಯೆಯನ್ನು ಹಂಚಿದರೂ ಒಂದು ವಾರ್ಡಿಗೆ ಒಂಬತ್ತು ಸಾವಿರಕ್ಕೂ ಮೇಲ್ಪಟ್ಟು ಜನರಾದರು. ಎಷ್ಟೇ ಶ್ರದ್ಧಾವಂತರಾದ ಸದಸ್ಯರಾದರೂ ಒಂಬತ್ತು ಸಾವಿರ ಮಂದಿಯ ಹೊಸಿಲುಗಳ ಎತ್ತರವನ್ನು ಒಬ್ಬರೇ ನೆನಪಿಟ್ಟುಕೊಳ್ಳಲಾರರು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯು ಈ ಸಂದರ್ಭಕ್ಕೆ ಚೆನ್ನಾಗಿ ಒಪ್ಪುವುದು.

ಎರಡನೆಯ ಬಾಗಿಲು ಮಹಾಯೋಜನೆಯದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ, ಊರಿನ ಮಹಾಯೋಜನೆಯ ಕರಡನ್ನು ಪ್ರಕಟಿಸಿ 60 ದಿನಗಳೊಳಗಾಗಿ ಸಾರ್ವಜನಿಕರ ಅಭಿಪ್ರಾಯಗಳನ್ನು ಕರೆಯಬೇಕು. ಹತ್ತು ವರ್ಷಗಳಿಗೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು. ಯಾವ ಗದ್ದೆ ಬಡಾವಣೆಯಾಗಬೇಕು, ಯಾವ ಬಯಲು ಬಯಲಾಗಿಯೇ ಉಳಿಯಬೇಕು, ಯಾವ ರಸ್ತೆ ಯಾರ ಹಿತ್ತಲನ್ನು ದಾಟಬೇಕು ಎಂಬುದೆಲ್ಲ ಆ ಒಂದು ಕಾಗದದಲ್ಲಿ ಇತ್ಯರ್ಥವಾಗುವುದು. ಆದರೆ ಆ 60 ದಿನಗಳಲ್ಲಿ ನಕ್ಷೆಯನ್ನು ಬಿಚ್ಚಿ ನೋಡುವವರಲ್ಲಿ ನಿವೇಶನದ ವ್ಯಾಪಾರಿಗಳು ಮುಂದು, ನಿವಾಸಿಗಳು ಹಿಂದು. ಮೂರನೆಯ ಬಾಗಿಲು ಆಯವ್ಯಯದ್ದು. ಏಪ್ರಿಲ್ 1ಕ್ಕೆ ಹೊಸ ಲೆಕ್ಕದ ವರ್ಷ ಮೊದಲಾಗುವುದಕ್ಕೆ ಮುಂಚೆ ಪೌರಸಂಸ್ಥೆಗಳು ಪೂರ್ವಭಾವಿ ಸಭೆಗಳನ್ನು ಕರೆಯುವ ರೂಢಿಯುಂಟು. ನಾಲ್ಕನೆಯದು 2005ರ ಮಾಹಿತಿ ಹಕ್ಕು ಕಾಯಿದೆ. ಹತ್ತು ರೂಪಾಯಿಯ ಶುಲ್ಕದೊಡನೆ ಅರ್ಜಿ ಹಾಕಿ, ತನ್ನ ಬೀದಿಯ ಕಾಮಗಾರಿಯ ನಕ್ಷೆಯನ್ನೂ ಅಂದಾಜುಪಟ್ಟಿಯನ್ನೂ ಯಾರು ಬೇಕಾದರೂ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕಾದುದು ಕಚೇರಿಯ ಕರ್ತವ್ಯ.

ಇನ್ನು ಇದಕ್ಕೆ ಹೇಳುವ ಆಕ್ಷೇಪಗಳನ್ನು ವಿಚಾರಿಸೋಣ. ನಿವಾಸಿಗಳಿಗೆ ಇಂಜಿನಿಯರಿಂಗ್ ತಿಳಿಯದು ಎಂಬುದು ಮೊದಲನೆಯದು. ತಿಳಿಯದು, ನಿಜ. ಕೊಳವೆಯ ದಪ್ಪವನ್ನು ಅವರು ಹೇಳಬೇಕಾಗಿಯೂ ಇಲ್ಲ. ಎಲ್ಲಿ ನೋವಿದೆಯೆಂದು ಹೇಳುವುದು ರೋಗಿಯ ಕೆಲಸ, ಔಷಧವನ್ನು ಗೊತ್ತುಮಾಡುವುದು ವೈದ್ಯನ ಕೆಲಸ. ಹತ್ತು ಮಂದಿ ಸೇರಿದರೆ ಹತ್ತು ಮಾತು, ಜಗಳವೇ ಹೊರತು ಕೆಲಸವಾಗದು ಎಂಬುದು ಎರಡನೆಯದು. ಜಗಳವಾಗಲಿ, ಆದರೆ ಮೊದಲೇ ಆಗಲಿ. ಕಾಗದದ ಮೇಲಿನ ಜಗಳವನ್ನು ಅಳಿಸಲು ಒಂದು ರಬ್ಬರು ಸಾಕು. ಕಾಂಕ್ರೀಟಿನ ಮೇಲಿನ ಜಗಳಕ್ಕೆ ಹಾರೆ ಪಿಕಾಸಿಗಳೂ ಮತ್ತೊಂದು ಸಲ ಜನರ ಹಣವೂ ಬೇಕಾಗುವುವು.

ಮೂರನೆಯ ಆಕ್ಷೇಪವು ನಿಜವಾಗಿಯೂ ಗಂಭೀರವಾದುದು. ಸಭೆಗಳಲ್ಲಿ ಬಲಾಢ್ಯರ ಧ್ವನಿಯೇ ಕೇಳುವುದು. ಸ್ವಂತ ಮನೆಯುಳ್ಳವರು ಬಾಡಿಗೆಯವರನ್ನೂ, ಅಂಗಡಿಯವರು ಬೀದಿಬದಿಯ ವ್ಯಾಪಾರಿಗಳನ್ನೂ, ಗಂಡಸರು ಹೆಂಗಸರನ್ನೂ ಹಿಂದಕ್ಕೆ ತಳ್ಳುವರು. ನಿವಾಸಿಗಳ ಹೆಸರಿನಲ್ಲಿ ನಾಲ್ಕು ಮಂದಿಯ ಅನುಕೂಲ ಸಾಧಿಸಲ್ಪಡುವುದು ಎಂದು ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಗಾಂಧಿಬಜಾರಿನ ಬದಿಯಲ್ಲಿ ಹೂವು ಸೊಪ್ಪು ಮಾರುವ ಹೆಂಗಸಿಗೆ ಆ ರಸ್ತೆಯೇ ಅನ್ನ. ಆಕೆ ಅಲ್ಲಿ ನಿವಾಸಿಯಲ್ಲದಿದ್ದರೂ ದಿನದ ಹತ್ತು ಗಂಟೆ ಅಲ್ಲಿಯೇ ಬಾಳುವವಳು. ಆಕೆಯನ್ನು ಬಿಟ್ಟು ಬರೆದ ನಕ್ಷೆಯು ಚೊಕ್ಕಟವಾಗಿ ಕಾಣಬಹುದು, ನ್ಯಾಯವಾಗಿರಲಾರದು. ಈ ಭಯವನ್ನು ಅರಿತೇ 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಲ್ಲಿ, ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕೆಂದೂ, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕೆಂದೂ ಗೊತ್ತುಮಾಡಿದ್ದಾರೆ. ಆದುದರಿಂದ ಬಲಾಢ್ಯರ ಭಯಕ್ಕೆ ಮದ್ದು ಸಭೆಯನ್ನೇ ನಿಲ್ಲಿಸುವುದರಲ್ಲಿಲ್ಲ. ಸಭೆಗೆ ಬಾರದವರ ಬಳಿಗೆ ಸಭೆಯೇ ಹೋಗುವುದರಲ್ಲಿದೆ. ಹೆಂಗಸರು ಬಿಡುವಾಗಿರುವ ಹೊತ್ತಿನಲ್ಲಿ, ಅವರು ನೀರು ಹಿಡಿಯುವ ನಲ್ಲಿಯ ಹತ್ತಿರವೇ ಸೇರಿದರೆ ಅಲ್ಲಿ ಕೇಳಿಬರುವ ಮಾತು ಕಚೇರಿಯ ಮಹಡಿಯ ಮೇಲೆ ಕೇಳಿಬಾರದು.

ಕಾರ್ಯತಃ ಏನು ಮಾಡಬಹುದು? ದೊಡ್ಡ ಮಾತು ಬೇಡ. ಒಂದು ನೋಟುಪುಸ್ತಕದಿಂದ ಆರಂಭಿಸಬಹುದು. ಒಂದೊಂದು ಬೀದಿಗೂ ಒಂದು ಬೀದಿಯ ಪುಸ್ತಕವಿರಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು ನಿಂತ ಜಾಗ, ನಿಂತ ದಿನ, ಎಷ್ಟು ಎತ್ತರ ಎಂಬುದನ್ನು ಅದರಲ್ಲಿ ಬರೆಯಲಿ. ಉರಿಯದ ದೀಪದ ಕಂಬದ ಸಂಖ್ಯೆ, ಒಡೆದ ಚರಂಡಿಯ ಚಪ್ಪಡಿ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಮುದುಕರು ಹತ್ತಲಾರದಷ್ಟು ಎತ್ತರದ ಕಾಲುದಾರಿ, ಹುಡುಗಿಯರು ಸಂಜೆಯ ಮೇಲೆ ಹೋಗಲು ಅಂಜುವ ತಿರುವು, ಇವೆಲ್ಲ ಅದರಲ್ಲಿ ಸೇರಲಿ. ದೀಪಾವಳಿಯ ಹೊತ್ತಿಗೆ ಬೀದಿಯವರು ಒಮ್ಮೆ ಸೇರಿ, ಇವುಗಳಲ್ಲಿ ಮೊದಲು ಆಗಬೇಕಾದುವು ಮೂರು ಯಾವುವು ಎಂದು ಒಪ್ಪಿಕೊಳ್ಳಲಿ. ಮೂವತ್ತನ್ನು ಕೇಳುವವನಿಗೆ ಒಂದೂ ದೊರೆಯದು. ಮೂರನ್ನು ಕಾರಣಸಹಿತವಾಗಿ ಕೇಳುವವನಿಗೆ ಎರಡಾದರೂ ದೊರೆಯಬಹುದು. ಆ ಪಟ್ಟಿಯನ್ನು ಆಯವ್ಯಯದ ಪೂರ್ವಭಾವಿ ಸಭೆಗೆ ಮುಂಚೆಯೇ ಕಚೇರಿಗೆ ಮುಟ್ಟಿಸಿ, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳಲಿ.

ಪೌರಸಂಸ್ಥೆಯವರಲ್ಲಿಯೂ ಬೇಡಿಕೆಗಳು ಮೂರೇ. ಕಾಮಗಾರಿ ಆರಂಭವಾಗುವ ಮೊದಲು ಅದರ ನಕ್ಷೆಯನ್ನು ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ, ಆ ಬೀದಿಯಲ್ಲಿಯೇ ತೂಗುಹಾಕಲಿ. ಇಂಜಿನಿಯರರು ಒಂದು ದಿನ ನಿವಾಸಿಗಳೊಡನೆ ಆ ಬೀದಿಯನ್ನು ನಡೆದು ನೋಡಲಿ. ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು. ಜನರು ಕೇಳಿದುದರಲ್ಲಿ ಯಾವುದು ಆಗುವುದು, ಯಾವುದು ಆಗದು, ಏಕೆ ಆಗದು ಎಂಬುದನ್ನು ಬರಹದಲ್ಲಿ ತಿಳಿಸಲಿ. ಆಗದು ಎಂಬ ಉತ್ತರವನ್ನು ಜನರು ಸಹಿಸುವರು. ಉತ್ತರವೇ ಇಲ್ಲದಿರುವುದನ್ನು ಸಹಿಸುವುದು ಕಷ್ಟ.

ವಿದ್ಯಾರ್ಥಿನಿಯರೇ, ಆ ಬೀದಿಯ ಪುಸ್ತಕವನ್ನು ಬರೆಯುವುದಕ್ಕೆ ನಿಮಗಿಂತ ಯೋಗ್ಯರು ಇನ್ನಾರು? ಭೂಗೋಳದ ಪಾಠದಲ್ಲಿ ನೀವು ನಕ್ಷೆ ಬರೆಯುವುದನ್ನು ಕಲಿಯುತ್ತೀರಿ; ಗಂಗೆ ಗೋದಾವರಿಗಳ ಹರಿವನ್ನು ಗುರುತಿಸಬಲ್ಲ ಕೈ ನಿಮ್ಮ ಓಣಿಯ ನೀರಿನ ಹರಿವನ್ನು ಗುರುತಿಸಲಾರದೆ? ಲೆಕ್ಕದ ಪಾಠದಲ್ಲಿ ಇಳಿಜಾರನ್ನೂ ಸರಾಸರಿಯನ್ನೂ ಕಲಿಯುತ್ತೀರಿ. ಅವನ್ನು ಮನೆಯ ಮುಂದಿನ ಮೋರಿಯ ಮೇಲೆ ಒಮ್ಮೆ ಪ್ರಯೋಗಿಸಿ ನೋಡಿರಿ. ಅಜ್ಜಿಯನ್ನು ಕುಳ್ಳಿರಿಸಿಕೊಂಡು, ಹೊಳೆ ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ಗೋಡೆಯ ಮೇಲೆ ಗೆರೆ ಎಳೆಯಿರಿ. ಸಂವಿಧಾನವು ಪೌರಸಂಸ್ಥೆಗಳ ಸ್ಥಾನಗಳಲ್ಲಿ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟನ್ನು ಮಹಿಳೆಯರಿಗೆ ಮೀಸಲಿಟ್ಟಿದೆ. ನಾಳೆ ಆ ಕುರ್ಚಿಗಳಲ್ಲಿ ಕುಳಿತುಕೊಳ್ಳುವವರು ನಿಮ್ಮಲ್ಲಿಯೇ ಇದ್ದೀರಿ. ಬೀದಿಯನ್ನು ಅರಿತವಳು ಅಲ್ಲಿಗೆ ಹೋದರೆ ಯಾರೋ ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕುವ ದುರ್ಗತಿ ಅವಳಿಗೆ ಬಾರದು.

ತಾಯಂದಿರಲ್ಲಿ ಕಡೆಯದಾಗಿ ಒಂದು ಮಾತು. ಮಳೆಗಾಲದಲ್ಲಿ ಅಂಗಳಕ್ಕೆ ಬಂದ ನೀರನ್ನು ಬಕೀಟಿನಿಂದ ಎತ್ತಿ ಹೊರಕ್ಕೆ ಚೆಲ್ಲುವ ಶ್ರಮ ನಿಮ್ಮದು. ಕೆಟ್ಟ ನೀರಿನಿಂದ ಮಗುವಿಗೆ ಜ್ವರ ಬಂದರೆ ನಿದ್ದೆಗೆಡುವವರು ನೀವು. ಬೀದಿಯ ತಪ್ಪಿಗೆ ದಂಡ ತೆರುವವರು ನೀವಾಗಿರುವಾಗ, ಬೀದಿಯ ಆಲೋಚನೆಯಲ್ಲಿ ಪಾಲನ್ನು ಕೇಳುವುದು ಹಕ್ಕೇ ಸರಿ; ಅದಕ್ಕೆ ಯಾರೂ ಅಪ್ಪಣೆ ಕೊಡಬೇಕಾಗಿಲ್ಲ. ಮುಂದಿನ ಸಲ ನಿಮ್ಮ ಬೀದಿಯಲ್ಲಿ ಅಳತೆಯ ಪಟ್ಟಿ ಹಿಡಿದು ಇಬ್ಬರು ನಿಂತಿರುವುದನ್ನು ಕಂಡರೆ ಕಿಟಕಿಯಿಂದ ನೋಡಿ ಸುಮ್ಮನಾಗಬೇಡಿರಿ. ಹೊರಗೆ ಬಂದು, ನಕ್ಷೆಯನ್ನು ತೋರಿಸಿರೆಂದು ವಿನಯದಿಂದ ಕೇಳಿರಿ, ಮಳೆಯ ನೀರು ನಿಲ್ಲುವ ಜಾಗವನ್ನು ಅವರಿಗೆ ತೋರಿಸಿರಿ.